ಮುರಕಲ್ಲಿನ ಮೇಲೆ ಡೇರೆ ಕೊನೆಗೂ ನಿಂತಿತು

ಚೀಲ, ಮ್ಯಾಟು, ಟಾರ್ಚು ಎಲ್ಲ ಸಿದ್ಧ. ವಾರವಿಡೀ ನನ್ನ ತಲೆ ತಿಂದದ್ದು ಗೂಟ.

ನಮ್ಮ ಮೊದಲ ಕ್ಯಾಂಪಿಂಗ್ ಕಾಸರಗೋಡಿನ ಬದಿಯಡ್ಕದ ಹತ್ತಿರ, ಮಾವನ ಜಾಗದ ಪದವಿನಲ್ಲಿ. ಪದವು ಅಂದರೆ ಗೊತ್ತಲ್ವಾ, ಮೇಲೆ ಎರಡು ಬೆರಳು ಮಣ್ಣು, ಕೆಳಗೆ ಬರೀ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಭಾನುವಾರ ಅಲ್ಲೇ ಡೇರೆ ಹಾಕಿ ನೋಡಿದೆವು. ಎಂಟು ಅಲ್ಯೂಮಿನಿಯಂ ಗೂಟಗಳಲ್ಲಿ ಐದು ಬಾಗಿದವು. ಕೊಂಡ ಅಂಗಡಿಗೆ ಫೋನ್ ಮಾಡಿದರೆ, "ಯಾವ ನೆಲಕ್ಕೂ ಆಗ್ತದೆ ಸಾರ್" ಅಂದರು. ನಿಜವಾಗಿಯೂ ಸಿಟ್ಟು ಬಂತು. ಈ ಊರಿಗೆ ಮಾರುವವರು ಈ ಊರಿನ ನೆಲ ನೋಡಬೇಡವೇ?

ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಬೇಕಲ ಕೋಟೆ ಕಟ್ಟಿದ್ದೂ ಅದರಲ್ಲೇ. ಬಯಲಲ್ಲಿ ಬಿದ್ದ ಪದವಿನ ಮೈಯೂ ಹಾಗೇ. ಕಬ್ಬಿಣದ ಮೊಳೆ ಹೊಡೆದೆ. ಕಲ್ಲು ಪುಡಿಯಾಗಿ ಗುಳಿ ಅಗಲವಾಯಿತೇ ಹೊರತು ಮೊಳೆ ನಿಲ್ಲಲಿಲ್ಲ.

ಕಡ್ಡಿಯ ಬಲದಿಂದ ಡೇರೆಯೇನೋ ನಿಲ್ಲುತ್ತದೆ. ಆದರೆ ಹೊರಬಟ್ಟೆ ಬಿಗಿಯಾಗದಿದ್ದರೆ ಒಳಬಟ್ಟೆಗೆ ತಾಗಿ, ರಾತ್ರಿಯ ತೇವವೆಲ್ಲ ಒಳಗಿಳಿಯುತ್ತದೆ. ಹಾಗಾಗಿ ಹಗ್ಗ ಎಳೆದು ಕಟ್ಟಲೇಬೇಕು. ಒಂದೊಂದು ಕಲ್ಲಿಗೆ ಸುತ್ತಿದೆ. ಗಾಳಿ ಬೀಸಿದಾಗ ಕಲ್ಲೇ ಜಾರಿ ಬಂತು.

ಆಮೇಲೆ ಎರಡು ಕಲ್ಲಿನ ಉಪಾಯ ಮಾಡಿದೆ. ಹಗ್ಗದ ತುದಿಗೆ ತೆಂಗಿನಕಾಯಿಯಷ್ಟು ಕಲ್ಲು ಕಟ್ಟಿ ನೆಲಕ್ಕಿಟ್ಟೆ. ಅದರ ಮುಂದೆ, ಡೇರೆಯ ಕಡೆಗೆ, ಹಗ್ಗದ ಮೇಲೇ ದೊಡ್ಡ ಕಲ್ಲು ಇಟ್ಟೆ. ಹಗ್ಗ ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿ ಕೂರುತ್ತದೆ. ಒಂದಿಷ್ಟೂ ಅಲ್ಲಾಡಲಿಲ್ಲ! ಆದರೆ ಬೆಳಿಗ್ಗೆ ನೋಡಿದರೆ ಎರಡು ಹಗ್ಗ ತುಂಡು. ಮುರಕಲ್ಲಿನ ಮೈ ಅರದ ಹಾಗೆ ಉಜ್ಜಿತ್ತು.

ಮಾವ ಬಂದು ನೋಡಿದರು. "ಹಗ್ಗಕ್ಕೊಂದು ಅಂಗಿ ಹಾಕು ಮಾರಾಯ" ಅಂದರು. ತೋಟದಿಂದ ಅಡಿಕೆ ಹಾಳೆ ತಂದು, ನೆನೆಸಿ, ಅಂಗೈ ಅಗಲಕ್ಕೆ ಕತ್ತರಿಸಿ, ಕಲ್ಲು ತಾಗುವಲ್ಲೆಲ್ಲ ಹಗ್ಗಕ್ಕೆ ಸುತ್ತಿದರು. ಮೂರು ರಾತ್ರಿ ಕಳೆಯಿತು. ಒಂದು ಎಳೆಯೂ ಬಿಟ್ಟಿಲ್ಲ. ಎಷ್ಟು ಖುಷಿಯಾಯಿತೆಂದರೆ, ನಿನ್ನೆ ಸುಮ್ನೆ ಹೋಗಿ ಹಗ್ಗ ಮೀಟಿ ಬಂದೆ.

ಈಗ ಒಲೆಯ ಯೋಚನೆ. ಹಳೆಯ ಬಿಸ್ಕತ್ ಡಬ್ಬಿಗೆ ತೂತು ಕೊರೆದು ಗೆರಟೆ, ಅಂದರೆ ತೆಂಗಿನ ಚಿಪ್ಪು, ಉರಿಸಬೇಕು. ಗೆರಟೆ ಕೆಂಡ ಚೆನ್ನಾಗಿ ಕಾಯುತ್ತದೆ. ಹೆದರಿಕೆ ಇರುವುದು ಮುಳಿಹುಲ್ಲಿನದ್ದು. ಪದವು ತುಂಬ ಒಣಗಿ ನಿಂತಿದೆ, ಒಂದು ಕಿಡಿ ಸಾಕು. ಡಬ್ಬಿಯ ಅಡಿಗೆ ಚಪ್ಪಟೆ ಕಲ್ಲು, ಸುತ್ತ ಎರಡು ಮಾರು ಹುಲ್ಲು ಸವರಿದ ನೆಲ, ಪಕ್ಕದಲ್ಲೇ ಒಂದು ಕೊಡ ನೀರು. ಇದಿಷ್ಟು ಆಗದೆ ಬೆಂಕಿಪೆಟ್ಟಿಗೆ ಮುಟ್ಟುವುದಿಲ್ಲ. ತೂತುಗಳನ್ನು ನಾಳೆ ಕೊರೆಯುತ್ತೇನೆ.