ರಾಣಿಪುರಂಗೆ ಹೋದದ್ದು, ಮತ್ತೆ ಒಂದು ಕಪ್ಪು ನಕ್ಷೆ

ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡೆ ಹೇಗುಂಟು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೇನೆ, ಮೇಲೆ ಹುಲ್ಲುಗುಡ್ಡೆ ಚಂದ, ಗಾಳಿ ಚಂದ, ಆದ್ರೆ ಕೇರಳದ ಊಟಿ ಅಂತ ಕರೆಯುದು ಮಾತ್ರ ನನಗೆ ಆಗುದಿಲ್ಲ, ಮಾಡತ್ತುಮಲ ಅಂತ ಹಳೆ ಹೆಸರು ಇತ್ತಲ್ಲ.

ನಾನೂ ಭಾವನೂ ಬದಿಯಡ್ಕದಿಂದ ಹೊರಡುವ ಮೊದಲು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದ್ರೆ ಗುಡ್ಡೆಯ ಏರಿಳಿತ ತೋರಿಸುವ ನಕ್ಷೆ (ಈ ಭಾಗದ್ದರ ನಂಬರ್ 48ಪಿ/7, 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಲೆಕ್ಕ) ಪ್ರಿಂಟಿಗೆ ಕೊಟ್ಟಿದ್ದೆ. ಜೆರಾಕ್ಸಿನವ ಕಾಸು ಉಳಿಸಿಕೊಟ್ಟೆ ಅಂತ ಬ್ಲಾಕ್ ಆಂಡ್ ವೈಟ್ ತೆಗೆದ, ಅದೂ ಎ3ಗೆ ಹಿಡಿಯುವ ಹಾಗೆ ಕುಗ್ಗಿಸಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಏರಿನ ಕಂದು ಗೆರೆ, ನೀರಿನ ನೀಲಿ, ದಾರಿಯ ಕೆಂಪು ಎಲ್ಲ ಒಂದೇ ಕಪ್ಪು. ಅದರಲ್ಲಿ ಒಂದು ಶಾರ್ಟ್‌ಕಟ್ ಕಂಡು ಭಾವನನ್ನು ಗತ್ತಿನಲ್ಲಿ ಕರ್ಕೊಂಡು ಹೋದ್ರೆ ಅದು ತೋಡು ಮಾರಾಯ್ರೆ! ಮೊಣಕಾಲುವರೆಗೆ ನೀರು, ಕಾಲಿಗೆ ಉಂಬುಳು (ಜಿಗಣೆ). ಏರಿನ ಗೆರೆಗಳು ಮೇಲ್ಮುಖ ಚೂಪಾಗಿ ಮಡಿಚಿದ ಜಾಗದಲ್ಲೇ ಆ ಗೆರೆ ಹಾದುಹೋಗಿತ್ತು, ಅದು ತೋಡಿನ ಗುರುತು, ಅದನ್ನಾದ್ರೂ ನೋಡ್ಬೇಕಿತ್ತು ನಾನು. ದಯಮಾಡಿ ಕಲರ್ ಪ್ರಿಂಟೇ ತೆಗೆಸಿ, ದೂರ ಅಳೆಯುದಾದ್ರೆ ಕೆಳಗಿನ ಸ್ಕೇಲ್ ಪಟ್ಟಿ ನೋಡಿಯೇ ಅಳೀರಿ, ನಕ್ಷೆ ಕುಗ್ಗಿದ್ರೆ ಅದೂ ಒಟ್ಟಿಗೆ ಕುಗ್ತದೆ.

ವಾಪಸ್ ಬರುವಾಗ ಪಾಣತ್ತೂರಲ್ಲಿ ಚಾ ಕುಡಿತಾ ನಕ್ಷೆ ಒಣಗಿಸ್ತಿದ್ದೆ. ಪಕ್ಕದ ಬೆಂಚಿನ ಅಜ್ಜ ಬಗ್ಗಿ ನೋಡಿದ್ರು.

"ಎಂಥದು ಮಾಷ್ಟ್ರೆ, ಜಾಗದ ರೀಸರ್ವೆಗೆ ಬಂದದ್ದಾ?"

"ಅಲ್ಲ ಅಜ್ಜ, ಗುಡ್ಡೆ ಹತ್ಲಿಕ್ಕೆ ಬಂದದ್ದು."

"ಕರಿಕೆ ಉಂಟಾ ಇದರಲ್ಲಿ?"

ಕೇರಳದ ಗಡಿಯ ಆಚೆ, ಕೊಡಗಿನ ಬದಿಯಲ್ಲಿ ಆ ಊರು ತೋರಿಸಿದೆ. ಅವರ ಅಕ್ಕನನ್ನು ಅಲ್ಲಿಗೆ ಕೊಟ್ಟದ್ದಂತೆ, ಚಿಕ್ಕದಿರುವಾಗ ಅಮ್ಮನ ಒಟ್ಟಿಗೆ ಗುಡ್ಡೆ ದಾಟಿ ನಡೆದೇ ಹೋಗುದು. ಅಂಗಡಿಯವನ ಹತ್ರ ನೂಲು ಕೇಳಿ, ಅವರು ಬೆರಳಲ್ಲಿ ತೋರಿಸಿದ ದಾರಿಯ ಮೇಲೆ ಬಳುಕಿಸಿ ಇಟ್ಟು ಸ್ಕೇಲ್ ಪಟ್ಟಿಗೆ ಹಿಡಿದೆ. ಎಷ್ಟು ಅಂತ ಹೇಳಿದ್ರೆ ಅಜ್ಜ ಒಪ್ಪಲೇ ಇಲ್ಲ.

"ಅಷ್ಟೇಯಾ? ಏರು ಎಲ್ಲಿ ಹೋಯ್ತು ಹಾಗಾದ್ರೆ?"

ಗೆರೆಗೂ ಗೆರೆಗೂ 20 ಮೀಟರ್ ಏರು, ಒತ್ತೊತ್ತಾಗಿದ್ರೆ ಕಡಿದು, ಬಿಟ್ಟುಬಿಟ್ಟು ಇದ್ರೆ ಸಪಾಟು ಅಂತ ವಿವರಿಸಿದೆ. ಅಜ್ಜ ಮಾತಾಡ್ಲಿಲ್ಲ, ಕಪ್ಪು ರಾಶಿಯ ಮೇಲೆ ಉಗುರು ಎಳೀತಾ ಹೋಗಿ ಒಂದು ಕಡೆ ನಿಲ್ಲಿಸಿದ್ರು.

"ಇಲ್ಲಿ ಅಮ್ಮ ಅಕ್ಕಿಮೂಟೆ ಇಳಿಸುದು. ನನಗೆ ಬೆಲ್ಲ ಕೊಡುದು ಇಲ್ಲಿಯೇ."

ಬಗ್ಗಿ ನೋಡಿದೆ, ಆ ಉಗುರಿನಡಿಯಲ್ಲಿ ಗೆರೆಗಳು ಬಿಟ್ಟುಬಿಟ್ಟೇ ಇದ್ದವು. ಹೊರಗೆ ಭಾವ ಹಾರ್ನ್ ಹೊಡೀತಾ ಇದ್ದ, ನಾನು ಇನ್ನೆರಡು ಚಾ ಹೇಳಿದೆ.