ಆರು ರೂಪಾಯಿ ಉಳಿತಾಯದ ಲೆಕ್ಕ

ನಿನ್ನೆ ರಾತ್ರಿ ತಿಂಗಳ ದಿನಸಿ ಪಟ್ಟಿ ಹಿಡಿದು, ಬೆಲೆ ಹೋಲಿಸೋ ಆ್ಯಪ್ ತೆರೆದು ಕೂತಿದ್ದೆ. ಸೂರ್ಯಕಾಂತಿ ಎಣ್ಣೆ ಒಂದು ಕಡೆ 144 ರೂಪಾಯಿ, ಇನ್ನೊಂದು ಕಡೆ 138. ಕಡಿಮೆಯದನ್ನೇ ತರಿಸಿದೆ. ಬೆಳಿಗ್ಗೆ ಪ್ಯಾಕೆಟ್ ಕೈಗೆ ಬಂದಾಗ ಅಮ್ಮ ಕನ್ನಡಕ ಏರಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದ್ರು: 850 ಗ್ರಾಂ. 144ರದ್ದು ಪೂರ್ತಿ ಲೀಟರ್, ಅಂದ್ರೆ 910 ಗ್ರಾಂ. ಲೆಕ್ಕ ಹಾಕಿದ್ರೆ ನೂರು ಗ್ರಾಂಗೆ ನಾನು ಕೊಟ್ಟದ್ದು 16 ರೂಪಾಯಿ 24 ಪೈಸೆ, ಬಿಟ್ಟದ್ದು 15 ರೂಪಾಯಿ 82 ಪೈಸೆ. ಅದರ ಮೇಲೆ ಡೆಲಿವರಿ ಚಾರ್ಜ್ ಬೇರೆ. ಹೊಟ್ಟೆ ಉರೀತು.

ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೋ ಕೆಜಿಗೋ ಎಷ್ಟು ಬೀಳುತ್ತೆ ಅನ್ನೋದನ್ನೂ ಅಚ್ಚು ಹಾಕಬೇಕು ಅಂತ ನಿಯಮವೇ ಇದೆ. ನಾನು ನೋಡಿದ ಆ್ಯಪ್ ಮಾತ್ರ ದೊಡ್ಡದಾಗಿ ತೋರಿಸಿದ್ದು ಒಟ್ಟು ಬೆಲೆಯನ್ನೇ. ಸೋಪು, ಟೂತ್‌ಪೇಸ್ಟ್ ತರ ಎಲ್ಲಾ ಕಡೆ ಒಂದೇ ಅಳತೆಯಲ್ಲಿ ಸಿಗೋದಕ್ಕೆ ಹೋಲಿಕೆ ಖಂಡಿತ ಉಪಯೋಗ, ಅದನ್ನ ಅಲ್ಲಗಳೆಯಲ್ಲ.

ಆದ್ರೆ ನಮ್ಮ ದಾವಣಗೆರೆ ಮನೆಯ ಸಂತೆ ಅಷ್ಟೇ ಅಲ್ವಲ್ಲ. ಭಟ್ಟಿಯಿಂದ ಬಿಸಿಬಿಸಿ ಬರೋ ಮಂಡಕ್ಕಿ, ಮಂಡಿಪೇಟೆಲಿ ಮೂಟೆ ಬಿಚ್ಚಿ ತೂಗಿಕೊಡೋ ಬೇಳೆ, ಇವುಗಳ ದರ ಆ ಪರದೆ ಮೇಲೆ ಎಲ್ಲಿದೆ? ಅಂಗಡಿಯವರು ಒಂದು ಹಿಡಿ ಅಂಗೈಗೆ ಹಾಕಿ "ನೋಡ್ರಿ ಅಕ್ಕಾರೆ, ಹುಳ ಇಲ್ಲ" ಅಂತಾರೆ. ಅಂಗೈಲಿ ತಿಕ್ಕಿ, ಹಲ್ಲಲ್ಲಿ ಕಡಿದು ನೋಡಿ ತರ್ತೀವಿ.

ಸಂಜೆ ಅಮ್ಮನ ಜೊತೆ ಚೀಲ ಹಿಡಿದು ಹೊರಟಿದ್ದೀನಿ. ಬೇಳೆ ಎರಡು ಕೆಜಿ, ಬೆಲ್ಲ ಒಂದು ಅಚ್ಚು.