ನೈಸ್ ಮತ್ತು ನಯ

‘ನೈಸ್’ ಎಂಬ ಪುಟ್ಟ ಇಂಗ್ಲಿಷ್ ವಿಶೇಷಣವನ್ನು ಕನ್ನಡಕ್ಕೆ ತರಬೇಕಾದಾಗಲೆಲ್ಲ ನಾನು ಸ್ವಲ್ಪ ಹೊತ್ತು ಬರೆಯುವುದನ್ನು ನಿಲ್ಲಿಸುತ್ತೇನೆ. ಹವೆ, ಮನೆ, ಮನುಷ್ಯ, ಕೈಬರಹ, ಯಾವುದಕ್ಕೂ ಅದು ಹೊಂದುತ್ತದೆ. ಎಲ್ಲ ಕಡೆಯೂ ‘ಒಳ್ಳೆಯ’ ಎಂದು ಬರೆದರೆ ವಾಕ್ಯ ತಪ್ಪಾಗುವುದಿಲ್ಲ, ಆದರೆ ಸಪ್ಪೆಯಾಗುತ್ತದೆ.

ಇದರ ಮೂಲ ‘ತಿಳಿಯದವನು’ ಎಂಬ ಅರ್ಥದ ಒಂದು ಲ್ಯಾಟಿನ್ ಪದ. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅದು ‘ದಡ್ಡ’ ಎಂಬ ನಿಂದೆಯಾಗಿತ್ತು. ಮುಂದಿನ ಶತಮಾನಗಳಲ್ಲಿ ಅತಿ ನಾಜೂಕು, ನಿಖರ, ಸೂಕ್ಷ್ಮ ಎಂಬ ಅರ್ಥಗಳನ್ನು ಒಂದೊಂದಾಗಿ ಪಡೆದು, 18ನೆಯ ಶತಮಾನದಲ್ಲಿ ಇಂದಿನ ‘ಹಿತವಾದ’ ಎಂಬ ಅರ್ಥಕ್ಕೆ ಬಂದು ನಿಂತಿತು. ಬೈಗುಳವೊಂದು ಹೊಗಳಿಕೆಯಾಗಿ ಬದಲಾದ ಈ ಪಯಣ ನನಗೆ ಇಂದಿಗೂ ಬೆರಗು. ನಡುವಿನ ಅರ್ಥವೂ ಪೂರ್ತಿ ಅಳಿದಿಲ್ಲ: ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಚೆಂದದ ವ್ಯತ್ಯಾಸವಲ್ಲ, ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸ.

ದಿನಬಳಕೆಯಲ್ಲಿ ಸಂದರ್ಭವೇ ಪದವನ್ನು ಸೂಚಿಸುತ್ತದೆ. ‘ಬಿ ನೈಸ್ ಟು ಹರ್’ ಎಂಬುದು ಕನ್ನಡದಲ್ಲಿ ‘ಅವಳ ಜೊತೆ ಚೆನ್ನಾಗಿ ನಡೆದುಕೋ’ ಎಂದಾಗುತ್ತದೆ. ‘ನೈಸ್ ಆಂಡ್ ವಾರ್ಮ್’ ಎಂಬಲ್ಲಿ ‘ಹಿತವಾಗಿ ಬೆಚ್ಚಗಿದೆ’ ಎಂದರೆ ಸಾಕು.

ನಿಜವಾದ ತೊಡಕಿರುವುದು ನಮ್ಮ ಮಾತಿನಲ್ಲಿಯೇ. ಕನ್ನಡಿಗರು ಈ ಪದವನ್ನು ಎಂದೋ ತಮ್ಮದಾಗಿಸಿಕೊಂಡು ಅದಕ್ಕೆ ಬೇರೆಯೇ ಅರ್ಥ ಕೊಟ್ಟಿದ್ದಾರೆ. ಬಟ್ಟೆ ನೈಸಾಗಿದೆ ಎಂದರೆ ನುಣುಪಾಗಿದೆ; ಒಬ್ಬ ನೈಸಾಗಿ ಜಾರಿಕೊಂಡ ಎಂದರೆ ಯಾರಿಗೂ ತಿಳಿಯದಂತೆ ನುಣುಚಿಕೊಂಡ; ನೈಸು ಮಾಡಿ ಕೆಲಸ ಮಾಡಿಸಿಕೊಂಡ ಎಂದರೆ ಪುಸಲಾಯಿಸಿದ. ನಮ್ಮಲ್ಲಿ ಮೊದಲೇ ಇದ್ದ ‘ನಯ’ ಎಂಬ ಪದದ ನೆರಳು ಇದರ ಮೇಲೆ ಬಿದ್ದಿರಬೇಕೆಂದು ನನ್ನ ಊಹೆ. ನಯವೆಂದರೆ ನುಣುಪೂ ಹೌದು, ಮೃದುವಾದ ನಡತೆಯೂ ಹೌದು, ‘ನಯವಂಚಕ’ ಎಂಬಲ್ಲಿ ಮೋಸದ ಹೊದಿಕೆಯೂ ಹೌದು. ನೈಸು ಈ ಮೂರರ ಪೈಕಿ ಮೊದಲನೆಯದನ್ನೂ ಕೊನೆಯದನ್ನೂ ಗಟ್ಟಿಯಾಗಿ ಹಿಡಿದುಕೊಂಡಿದೆ.

ಆದ್ದರಿಂದ ಇಂಗ್ಲಿಷಿನಲ್ಲಿ ಒಬ್ಬರನ್ನು ಮನಸಾರೆ ‘ನೈಸ್’ ಎಂದು ಮೆಚ್ಚಿದ್ದನ್ನು ‘ಬಹಳ ನೈಸು’ ಎಂದೇ ಇಳಿಸಿದರೆ ಓದುಗರಿಗೆ ಅದರಲ್ಲಿ ಸಂಶಯದ ದನಿ ಕೇಳಿಸುತ್ತದೆ. ಅಂಥ ಕಡೆ ಮಾತ್ರ, ನಾನು ಬೇಡವೆಂದ ಆ ‘ಒಳ್ಳೆಯ’ ಎಂಬುದಕ್ಕೇ ಮರಳಿ, ‘ಅವರು ತುಂಬ ಒಳ್ಳೆಯವರು’ ಎಂದು ನೆಮ್ಮದಿಯಿಂದ ಬರೆಯುತ್ತೇನೆ.